ಮನೆಯೊಳಗಿನ ಹಿಂಸೆ: ನೊಂದವಳು ನಿಮ್ಮ ಹತ್ತಿರ ಬಂದಾಗ ಏನು ಮಾಡಬೇಕು, ಎಲ್ಲಿಗೆ ಹೋಗಬೇಕು

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಗಂಡನ ಮನೆಯ ಹೊಡೆತ ತಾಳಲಾರದ ಹೆಣ್ಣುಮಗಳು ಮೊದಲು ಬಾಯಿ ಬಿಡುವುದು ಪಕ್ಕದ ಮನೆಯ ಅಕ್ಕನ ಹತ್ತಿರ, ಹತ್ತಿ ಬಿಡಿಸಲು ಜೊತೆಗೆ ಬಂದವಳ ಹತ್ತಿರ, ಸಂಘದ ಸಭೆ ಮುಗಿದ ಮೇಲೆ ಅಂಗನವಾಡಿ ಟೀಚರ್ ಹತ್ತಿರ, ಇಲ್ಲವೇ ಫೋನಿನಲ್ಲಿ ತವರಿನ ಅವ್ವನ ಹತ್ತಿರ. ಠಾಣೆ, ಕೋರ್ಟು ಬರುವುದು ಬಹಳ ತಡವಾಗಿ. ಎಷ್ಟೋ ಸಲ ಬರುವುದೇ ಇಲ್ಲ. ಮೊದಲು ಕೇಳಿಸಿಕೊಂಡವರು "ಹೊಂದ್ಕೊಂಡು ಹೋಗವ್ವ, ಗಂಡಸು ಅಂದಮ್ಯಾಲೆ ಒಂದೇಟು ಹಾಕ್ತಾನ" ಎಂದುಬಿಟ್ಟರೆ ಆಕೆ ಮತ್ತೆ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಈ ಬರಹ ಆ ಮೊದಲು ಕೇಳಿಸಿಕೊಳ್ಳುವವರಿಗಾಗಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇಕಡಾ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅಂದರೆ ನಿಮ್ಮ ಸಂಘದಲ್ಲಿ, ನಿಮ್ಮ ಓಣಿಯಲ್ಲಿ ಇಂಥವರು ಇದ್ದೇ ಇದ್ದಾರೆ.

ಮುಂದಿನ ಎಲ್ಲ ಹೆಜ್ಜೆಗಳಿಗೂ ಎರಡು ಮಾತು ಆಧಾರ. ಏನು ಮಾಡಬೇಕೆಂಬ ತೀರ್ಮಾನ ಆಕೆಯದು. ಮಾಡಿದ್ದಕ್ಕೆಲ್ಲ ಕಾಗದ ಇರಬೇಕು.

ಯಾವುದೆಲ್ಲ ಹಿಂಸೆ

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲಿ ಬಂದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ದೈಹಿಕ ಹಿಂಸೆ, ಲೈಂಗಿಕ ಹಿಂಸೆ, ಮಾತಿನ ಹಾಗೂ ಮಾನಸಿಕ ಹಿಂಸೆ, ಆರ್ಥಿಕ ಹಿಂಸೆ ಎಂದು ನಾಲ್ಕನ್ನೂ ಅದು ಹೆಸರಿಸಿದೆ. ಮೈಮೇಲೆ ಬಾಸುಂಡೆ ಇದ್ದರಷ್ಟೇ ಕೇಸು ಎಂಬುದು ತಪ್ಪು ತಿಳಿವಳಿಕೆ. ಗಂಡು ಹುಟ್ಟಲಿಲ್ಲವೆಂದು ದಿನಾ ಹಂಗಿಸುವುದು, ಕೂಲಿ ದುಡ್ಡು ಕಿತ್ತುಕೊಳ್ಳುವುದು, ತವರಿನವರು ಹಾಕಿದ ಬಂಗಾರ ಒತ್ತೆ ಇಡುವುದು, ಮನೆಯಿಂದ ಹೊರಹಾಕುವುದು ಎಲ್ಲವೂ ಇದರೊಳಗೆ ಬರುತ್ತವೆ.

ನಮ್ಮ ಕಡೆ ಆರ್ಥಿಕ ಹಿಂಸೆಯ ಒಂದು ರೂಪ ಯಾರ ಕಣ್ಣಿಗೂ ಬೀಳುವುದಿಲ್ಲ. ಸಂಘದ ಸಾಲ, ಫೈನಾನ್ಸಿನವರ ಸಾಲ ಆಕೆಯ ಹೆಸರಿನಲ್ಲಿ ಇರುತ್ತದೆ, ದುಡ್ಡು ಗಂಡನ ಕೈಗೆ ಹೋಗಿರುತ್ತದೆ, ವಾರದ ಕಂತಿಗೆ ಮಾತ್ರ ಅವಳೇ ಜವಾಬ್ದಾರಿ. ಮನೆ ಬಿಟ್ಟರೆ ಗುಂಪಿನ ಉಳಿದ ಹೆಣ್ಣುಮಕ್ಕಳ ತಲೆಗೆ ಸಾಲ ಬರುತ್ತದೆಂಬ ಅಂಜಿಕೆಗೇ ಹೊಡೆತ ತಿಂದುಕೊಂಡು ಕೂತವರಿದ್ದಾರೆ. ಯಾವ ಸಾಲ, ಎಷ್ಟು, ದುಡ್ಡು ಯಾರು ಬಳಸಿದರು ಎಂಬುದನ್ನು ಬರೆದಿಡಿ. ಮುಂದೆ ದೂರಿನಲ್ಲಿ ಅದಕ್ಕೂ ಜಾಗವಿದೆ.

ಈ ಕಾಯ್ದೆ ಹೆಂಡತಿಗಷ್ಟೇ ಅಲ್ಲ. ಒಂದೇ ಮನೆಯಲ್ಲಿ ಬದುಕಿದ ತಾಯಿ, ಅಕ್ಕತಂಗಿ, ಗಂಡ ಸತ್ತ ಸೊಸೆ, ಮದುವೆಯಂಥ ಸಂಬಂಧದಲ್ಲಿ ಇರುವವಳು ಸಹ ಅರ್ಜಿ ಹಾಕಬಹುದು. ಎರಡನೇ ಸಂಬಂಧವಾಗಿದ್ದರೆ ಕೋರ್ಟು ಪರಿಸ್ಥಿತಿ ನೋಡಿ ತೀರ್ಮಾನಿಸುತ್ತದೆ. ನಿಮಗೆ ಹಕ್ಕಿಲ್ಲ ಎಂದು ನೀವೇ ಹೇಳಿ ಕಳಿಸಬೇಡಿ, ವಕೀಲರ ಹತ್ತಿರ ಕಳಿಸಿ. ಹುಡುಗಿಗೆ 18 ತುಂಬಿಲ್ಲವಾದರೆ ಮೊದಲ ಫೋನು ಮಕ್ಕಳ ಸಹಾಯವಾಣಿ 1098ಕ್ಕೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು.

ಆಕೆ ಮಾತು ಶುರುಮಾಡಿದಾಗ

ಒಂಟಿಯಾಗಿ ಕೂಡಿಸಿ ಕೇಳಿ. ಅತ್ತೆ, ನಾದಿನಿ, ಬುದ್ಧಿ ಬಂದ ಮಕ್ಕಳು ಹತ್ತಿರ ಇರಬಾರದು. "ಯಾಕೆ ಹೊಡೆದ, ನೀ ಏನಂದಿ" ಎಂಬ ಪ್ರಶ್ನೆ ಬೇಡ. ತಪ್ಪು ಆಕೆಯದಿರಬಹುದು ಎಂಬ ಅರ್ಥ ಅದರಲ್ಲೇ ಇದೆ. "ಈಗ ಮನಿಗೆ ಹೋದ್ರ ಅಂಜಿಕಿ ಅದ ಏನು?" ಎಂದು ಕೇಳಿ. "ನೀ ಹೇಳಿದ್ದು ನಾ ನಂಬ್ತೀನಿ" ಎನ್ನಿ. ಕುಡಿದದ್ದಕ್ಕೆ ಹೊಡೆದ ಎಂದು ಆಕೆಯೇ ಹೇಳಬಹುದು. ಅದೇ ಗಂಡಸು ಅದೇ ಅಮಲಿನಲ್ಲಿ ಸಾಹುಕಾರನ ಮೇಲೆ ಕೈ ಎತ್ತುವುದಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ. ಕುಡಿತ ಬಿಡಿಸಿದರೆ ಎಲ್ಲ ಸರಿಹೋಗುತ್ತದೆಂದು ಭರವಸೆ ಕೊಡಬೇಡಿ.

ಆಕೆ ಹೇಳಿದ್ದನ್ನು ಹಿರಿಯರ ಕಿವಿಗೆ ಹಾಕುವುದು, ಗಂಡನನ್ನು ಕರೆದು ಬುದ್ಧಿ ಹೇಳುವುದು, ಸಂಘದ ಸಭೆಯಲ್ಲಿ ಎತ್ತುವುದು, ಇವ್ಯಾವುವೂ ಆಕೆಯ ಒಪ್ಪಿಗೆ ಇಲ್ಲದೆ ಆಗಬಾರದು. ಆಕೆ ಬಾಯಿ ಬಿಟ್ಟಳೆಂದು ಗಂಡನಿಗೆ ಗೊತ್ತಾದ ರಾತ್ರಿಯೇ ಹೊಡೆತ ಹೆಚ್ಚಾಗುತ್ತದೆ. ಆದರೆ ಪ್ರಾಣಕ್ಕೆ ಅಪಾಯವಿದೆ ಎನಿಸಿದರೆ ಒಪ್ಪಿಗೆಗೆ ಕಾಯುತ್ತ ಕೂಡಬೇಡಿ, ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ. ಕಾಯ್ದೆಯ 4ನೇ ಕಲಂ ಪ್ರಕಾರ ಸದುದ್ದೇಶದಿಂದ ಮಾಹಿತಿ ಕೊಟ್ಟ ನೆರೆಯವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ.

ಅಪಾಯ ಎಷ್ಟಿದೆ

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು: ಕುತ್ತಿಗೆ ಹಿಸುಕಿದ್ದಾನೆಯೇ? ಒಮ್ಮೆ ಕುತ್ತಿಗೆಗೆ ಕೈ ಹಾಕಿದವನು ಮುಂದೆ ಕೊಲ್ಲುವ ಸಾಧ್ಯತೆ ಬಹಳ ಹೆಚ್ಚು. ಹೊರಗೆ ಗುರುತೇ ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು. ದನಿ ಗೊಗ್ಗರಾಗುವುದು, ನುಂಗಲು ಕಷ್ಟ, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ, ತಲೆ ತಿರುಗು, ಕ್ಷಣ ಹೊತ್ತು ಎಚ್ಚರ ತಪ್ಪಿದ್ದು, ಗೊತ್ತಿಲ್ಲದೆ ಮೂತ್ರ ಹೋದದ್ದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಂದೆರಡು ದಿನ ಬಿಟ್ಟು ಉಸಿರಾಟಕ್ಕೆ ತೊಂದರೆ ಬರುವುದೂ ಉಂಟು.

ಕೊಡಲಿ, ಕುಡುಗೋಲು ತೋರಿಸಿ ಹೆದರಿಸಿದ್ದು, ಬಸುರಿ ಇದ್ದಾಗ ಹೊಟ್ಟೆಗೆ ಒದ್ದದ್ದು, ಬೆಂಕಿ ಹಚ್ಚುವ ಮಾತು, ಎಲ್ಲಿ ಹೋದರೂ ಹಿಂಬಾಲಿಸುವುದು, ಇತ್ತೀಚೆಗೆ ಹೊಡೆತ ಹೆಚ್ಚಾಗಿರುವುದು ಸಹ ದೊಡ್ಡ ಅಪಾಯದ ಗುರುತುಗಳು. ಆಕೆಯೇ "ಸತ್ತೋಗ್ತೀನಿ" ಎಂದರೆ ಹಗುರವಾಗಿ ತಗೊಳ್ಳಬೇಡಿ. ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಬೇರೆ ಕಡೆ ಸಾಗಿಸಿ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಮಾತನಾಡುವ ಮಾನಸಿಕ ಆರೋಗ್ಯ ಸಲಹೆಗಾರರು ಸಿಗುತ್ತಾರೆ.

ಆಸ್ಪತ್ರೆಯಲ್ಲಿ ಬರೆಸುವ ಒಂದು ಸಾಲು

ಬಹಳ ಕೇಸುಗಳು ಮುಂದೆ ಸೋಲುವುದು ಇಲ್ಲೇ. ಗಾಯವಾದವಳನ್ನು ಅತ್ತೆಯೋ ಮೈದುನನೋ ಆಸ್ಪತ್ರೆಗೆ ಕರೆತಂದಿರುತ್ತಾರೆ. ಎಮರ್ಜೆನ್ಸಿಯಲ್ಲಿ ಡಾಕ್ಟರು "ಹೆಂಗಾಯ್ತು?" ಎಂದು ಕೇಳುತ್ತಾರೆ. ಪಕ್ಕದಲ್ಲಿ ನಿಂತವರು "ಬಚ್ಚಲದಾಗ ಜಾರಿ ಬಿದ್ಲು ಸಾರ್" ಎನ್ನುತ್ತಾರೆ. ಆಕೆ ಹೌದೆಂದು ತಲೆ ಆಡಿಸುತ್ತಾಳೆ. ಚೀಟಿಯಲ್ಲಿ ಅದೇ ದಾಖಲಾಗುತ್ತದೆ. ಆರು ತಿಂಗಳ ಮೇಲೆ ಕೋರ್ಟಿನಲ್ಲಿ ಗಂಡ ಹೊಡೆದ ಎಂದರೆ ಎದುರಿನ ವಕೀಲರು ಮೊದಲು ಎತ್ತಿ ತೋರಿಸುವುದು ಆ ಚೀಟಿಯನ್ನೇ.

ಆದ್ದರಿಂದ ಜೊತೆಗೆ ಹೋಗುವವರು ನೀವಾಗಿರಿ. ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ತಾಲ್ಲೂಕು ಆಸ್ಪತ್ರೆ, ಎಲ್ಲಿಗೆ ಹೋದರೂ "ಎಂಎಲ್‌ಸಿ ಮಾಡ್ರಿ" ಎಂದು ಕೇಳಿ, ಅಂದರೆ ಗಾಯವನ್ನು ಕಾನೂನಿನ ಪ್ರಕರಣವಾಗಿ ದಾಖಲಿಸುವುದು. ಯಾರು ಹೊಡೆದರು, ಯಾವುದರಿಂದ, ದೇಹದ ಯಾವ ಭಾಗಕ್ಕೆ, ಯಾವಾಗ ಎಂಬುದನ್ನು ಆಕೆಯ ಬಾಯಿಂದಲೇ ಹೇಳಿಸಿ. ಹಳೆಯ ಗಾಯದ ಗುರುತುಗಳಿದ್ದರೆ ಅವನ್ನೂ ತೋರಿಸಲಿ. ಎಂಎಲ್‌ಸಿ ನಂಬರು, ತಾರೀಖು ಬರೆದುಕೊಳ್ಳಿ, ಹೊರರೋಗಿ ಚೀಟಿ ಜೋಪಾನ ಮಾಡಿ. ದೂರು ಕೊಟ್ಟು ಬಾ, ಆಮೇಲೆ ನೋಡ್ತೀವಿ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಕಾಯ್ದೆಯ ನಿಯಮಗಳಲ್ಲೇ ಇದು ಸ್ಪಷ್ಟವಾಗಿದೆ.

ಗಾಯದ ಫೋಟೊ ತೆಗೆಯುವಾಗ ಒಂದು ಹತ್ತಿರದಿಂದ, ಒಂದು ಮುಖವೂ ಕಾಣುವಂತೆ ದೂರದಿಂದ ತೆಗೆಯಿರಿ. ಬಾಸುಂಡೆ ಎರಡು ಮೂರನೇ ದಿನಕ್ಕೆ ಕಪ್ಪಾಗಿ ಎದ್ದು ಕಾಣುವುದರಿಂದ ಆಗ ಮತ್ತೊಮ್ಮೆ ತೆಗೆಯಬೇಕು. ಫೋಟೊ, ಬೈಗುಳದ ವಾಯ್ಸ್ ಮೆಸೇಜುಗಳನ್ನು ಆಕೆ ನಂಬುವ ಇನ್ನೊಬ್ಬರ ಫೋನಿಗೆ ಕಳಿಸಿ, ಆಕೆಯ ಫೋನಿನಿಂದ ಅಳಿಸುವುದಿದ್ದರೆ ಆಮೇಲೆ. ಮೂಲ ಫೋನನ್ನು ಮಾತ್ರ ಮಾರಬೇಡಿ, ಬದಲಿಸಬೇಡಿ. ಸಾಕ್ಷ್ಯ ಎಲ್ಲಿಂದ ಬಂತೆಂದು ಕೋರ್ಟು ಕೇಳುತ್ತದೆ.

ಮನೆ ಬಿಡುವುದೇ ಆದರೆ

ಬಿಟ್ಟು ಹೋಗುವ ಹೊತ್ತೇ ಅತಿ ಅಪಾಯದ ಹೊತ್ತು. "ಹೋಗ್ತೀನಿ ನೋಡು" ಎಂದು ಜಗಳದಲ್ಲಿ ಹೇಳದಿರುವುದು ಒಳ್ಳೆಯದು. ಮೊದಲೇ ಒಂದು ಚೀಲವನ್ನು ನಿಮ್ಮ ಮನೆಯಲ್ಲಿ ಇಡಿಸಿಕೊಳ್ಳಿ. ಅದರಲ್ಲಿ ಆಧಾರ್, ರೇಷನ್ ಕಾರ್ಡಿನ ಪ್ರತಿ, ಬ್ಯಾಂಕ್ ಪಾಸ್‌ಬುಕ್, ತಾಯಿ ಕಾರ್ಡು, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯ ಕಾರ್ಡು ಇಲ್ಲವೇ ಫೋಟೊ, ಬಂಗಾರದ ಅಂಗಡಿಯ ರಸೀದಿ, ದಿನಾ ತಗೊಳ್ಳುವ ಗುಳಿಗೆ, ಎರಡು ಜೊತೆ ಬಟ್ಟೆ, ಸ್ವಲ್ಪ ನಗದು ಇರಲಿ. ಮೂಲ ಕಾಗದ ತೆಗೆದರೆ ಗೊತ್ತಾಗುತ್ತದೆ ಎನ್ನುವುದಾದರೆ ಫೋಟೊ ಸಾಕು. ಮದುವೆಯಲ್ಲಿ ಕೊಟ್ಟ ಬಂಗಾರ, ಬೆಳ್ಳಿ, ಪಾತ್ರೆ, ಗಾಡಿ, ದುಡ್ಡಿನ ಪಟ್ಟಿಯನ್ನು ತವರಿನವರ ಜೊತೆ ಕೂತು ಬರೆಸಿ. ಸ್ತ್ರೀಧನ ವಾಪಸು ಕೇಳಲು ಅದು ಬೇಕು.

ಶಕ್ತಿ ಯೋಜನೆಯಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡು ಬೇಕಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಕೈಯಲ್ಲಿ ರೂಪಾಯಿ ಇಲ್ಲದವಳಿಗೂ ದೇವದುರ್ಗದಿಂದ ರಾಯಚೂರಿಗೆ, ಕುಷ್ಟಗಿಯಿಂದ ಕೊಪ್ಪಳಕ್ಕೆ, ಸಂಡೂರಿನಿಂದ ಬಳ್ಳಾರಿಗೆ ಬರುವ ದಾರಿ ಇದರಿಂದ ತೆರೆದಿದೆ. ಆಧಾರ್ ಕಾರ್ಡು ಗಂಡನ ವಶದಲ್ಲಿದ್ದರೆ ಬೇರೆ ಗುರುತಿನ ಚೀಟಿ ಏನಿದೆ ನೋಡಿ. ಹೊರಡುವ ಮೊದಲು ಫೋನಿನಲ್ಲಿ ಲೊಕೇಶನ್ ಹಂಚಿಕೆ ನಿಲ್ಲಿಸಿ. ಅವನ ಫೋನಿನಲ್ಲಿ ಆಕೆಯ ವಾಟ್ಸಾಪ್ ತೆರೆದಿದೆಯೇ ಎಂದು ಲಿಂಕ್ಡ್ ಡಿವೈಸಸ್ ಎನ್ನುವಲ್ಲಿ ನೋಡಿ. ಗೃಹಲಕ್ಷ್ಮಿ ಹಣವಾಗಲಿ ಖಾತ್ರಿ ಕೂಲಿಯಾಗಲಿ ಬರುವ ಖಾತೆಯ ಎಟಿಎಂ ಅವನ ಹತ್ತಿರ ಇದ್ದರೆ ಬ್ಯಾಂಕಿಗೆ ಹೋಗಿ ಕಾರ್ಡು ಬಂದ್ ಮಾಡಿಸಿ. ಇಲ್ಲವೇ ಬೇರೆ ಖಾತೆ ತೆಗೆದು ಆಧಾರ್ ಅಲ್ಲಿಗೆ ಜೋಡಿಸಿ.

ಎಲ್ಲಿಗೆ ಹೋಗುವುದು? ತವರು ಸಿಗದಿದ್ದರೆ ಜಿಲ್ಲಾ ಕೇಂದ್ರದ ಸಖಿ ಒನ್ ಸ್ಟಾಪ್ ಸೆಂಟರ್. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ಅಲ್ಲಿಗೆ ಸಂಪರ್ಕ ಕೊಡಿಸುತ್ತಾರೆ. ಚಿಕಿತ್ಸೆ, ಪೊಲೀಸ್ ನೆರವು, ಆಪ್ತಸಮಾಲೋಚನೆ, ವಕೀಲರ ಸಲಹೆ, ಸುಮಾರು ಐದು ದಿನದ ತಂಗುವಿಕೆ ಒಂದೇ ಕಡೆ ಸಿಗಬೇಕೆಂಬುದು ಅದರ ಉದ್ದೇಶ. ಹೆಚ್ಚು ದಿನ ಬೇಕಾದರೆ ಹಿಂದೆ ಸ್ವಾಧಾರ ಎನ್ನುತ್ತಿದ್ದ ಶಕ್ತಿ ಸದನಕ್ಕೆ ಕಳಿಸುತ್ತಾರೆ. ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇದೆ. ದೊಡ್ಡ ಹುಡುಗ ಜೊತೆಗಿದ್ದರೆ ಹೊರಡುವ ಮೊದಲೇ ಕೇಳಿ. ಬಾಗಿಲಿಗೆ ಹೋದ ಮೇಲೆ ಮಗನನ್ನು ಒಳಗೆ ಬಿಡುವುದಿಲ್ಲ ಎಂದರೆ ತಾಯಿ ತಿರುಗಿ ಅದೇ ಮನೆಗೆ ಹೋಗಿಬಿಡುತ್ತಾಳೆ.

ಸಿಡಿಪಿಒ ಆಫೀಸಿನಲ್ಲಿ

ಅಂಗನವಾಡಿ ನೋಡಿಕೊಳ್ಳುವ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಅವರೇ ಕರ್ನಾಟಕದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಆಕೆ ಬಾಯಿಂದ ಹೇಳಿದರೂ ಸಾಕು. ಅವರು ಬರೆದುಕೊಂಡು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಬರೆದುದರ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಆಮೇಲೆ ಕೌಟುಂಬಿಕ ಘಟನಾ ವರದಿ ತಯಾರಿಸಿ ಕೋರ್ಟಿಗೆ ಸಲ್ಲಿಸುತ್ತಾರೆ. ಆಫೀಸಿನಲ್ಲಿ ಎಲ್ಲರೂ ಅದನ್ನು ಡಿಐಆರ್ ಎನ್ನುತ್ತಾರೆ.

ಈ ವರದಿ ಗಟ್ಟಿಯಾಗಬೇಕಾದರೆ ಹೋಗುವ ಮೊದಲು ಮನೆಯಲ್ಲಿ ಒಂದು ತಾಸು ಕೂತು ಘಟನೆಗಳನ್ನು ಜೋಡಿಸಿಕೊಳ್ಳಿ. "ದಿನಾಲೂ ಹಿಂಸೆ ಕೊಡ್ತಾನ್ರಿ" ಎಂದರೆ ಬರೆದುಕೊಳ್ಳುವವರ ಕೈಗೆ ಏನೂ ಸಿಗುವುದಿಲ್ಲ. ತಾರೀಖು ನೆನಪಿಲ್ಲ ಎಂದರೆ ಹಬ್ಬ, ಜಾತ್ರೆ ಹಿಡಿದು ಕೇಳಿ: ಗವಿಮಠದ ಜಾತ್ರೆಗೆ ಮುಂಚೆಯೋ ಆಮೇಲೋ? ಕಾರಹುಣ್ಣಿಮೆ ಆಗಿತ್ತಾ? ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಮಗು ಎಷ್ಟು ತಿಂಗಳದ್ದು? ಆಮೇಲೆ ಕ್ಯಾಲೆಂಡರ್ ನೋಡಿ ತಾರೀಖು ಹಾಕಿ. "ಎಳ್ಳಮಾವಾಸ್ಯೆಯ ಮರುದಿನ ರಾತ್ರಿ ಸುಮಾರು ಒಂಬತ್ತಕ್ಕೆ, ಅಡುಗೆಮನೆಯಲ್ಲಿ, ಒಲೆಯ ಕಟ್ಟಿಗೆಯಿಂದ ಎಡಗೈಗೆ ಹೊಡೆದ. ಅತ್ತೆ ಬಾಗಿಲ ಚಿಲಕ ಹಾಕಿದಳು. ಪಕ್ಕದ ಮನೆಯವರು ಬಂದು ಬಿಡಿಸಿದರು." ಹೀಗಿರಬೇಕು. ಮೊದಲ ಸಲದ್ದು, ಅತಿ ಕೆಟ್ಟದ್ದು, ಕೊನೆಯದು, ಈ ಮೂರು ಘಟನೆ ವಿವರವಾಗಿದ್ದರೆ ಉಳಿದವನ್ನು ಚುಟುಕಾಗಿ ಹೇಳಬಹುದು. ನಡೆಯದ್ದನ್ನು ಒಂದು ಸಾಲೂ ಸೇರಿಸಬೇಡಿ. ಗಂಡನ ಕಡೆಯವರೆಲ್ಲರ ಹೆಸರು ಹಾಕಿದರೆ ಕೇಸು ಬಲವಾಗುತ್ತದೆ ಎನ್ನುವವರ ಮಾತು ಕೇಳಬೇಡಿ. ಏನೂ ಮಾಡದ ನಾದಿನಿಯ ಹೆಸರು ಇದ್ದರೆ ಇಡೀ ದೂರಿನ ಮೇಲಿನ ನಂಬಿಕೆಯೇ ಹೋಗುತ್ತದೆ.

ಅರ್ಜಿ ಕೊಟ್ಟ ಮೇಲೆ ಸೀಲು ಹಾಕಿದ ಸ್ವೀಕೃತಿ ಕೇಳಿ. ಆಗುವುದಿಲ್ಲ ಎಂದರೆ ಹಿಂಬರಹ ಬರೆದುಕೊಡಿ ಎನ್ನಿ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸೋಮವಾರ ಬನ್ನಿ ಎನ್ನುವುದು ತುರ್ತು ಸಂದರ್ಭಕ್ಕೆ ಒಪ್ಪುವ ಉತ್ತರವಲ್ಲ. ಫೋನಿನಲ್ಲಿ ಬಂದ ತುರ್ತು ಮಾಹಿತಿಗೂ ಪೊಲೀಸರ ನೆರವು ಪಡೆದು ಕ್ರಮ ತಗೊಳ್ಳಬೇಕೆಂದು ನಿಯಮ ಹೇಳುತ್ತದೆ. ಅಲ್ಲಿ ಆಗದಿದ್ದರೆ ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರಿಗೆ ಬರೆಯಿರಿ. ಡಿಐಆರ್ ಇಲ್ಲದೆಯೂ ನೇರವಾಗಿ ಕೋರ್ಟಿಗೆ ಹೋಗಬಹುದೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ.

ಕೋರ್ಟಿನಿಂದ ಏನು ಸಿಗುತ್ತದೆ

"ಗಂಡನ್ನ ಜೈಲಿಗೆ ಹಾಕ್ಸೂದು ಬ್ಯಾಡ್ರಿ, ಹೊಡಿಯೂದು ನಿಂತ್ರ ಸಾಕು" ಎನ್ನುವವರೇ ಹೆಚ್ಚು. 2005ರ ಕಾಯ್ದೆ ಇರುವುದೇ ಅದಕ್ಕೆ. ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ 12ನೇ ಕಲಂ ಅರ್ಜಿ ಹಾಕಿದರೆ ಹೊಡೆಯಬಾರದು, ಹತ್ತಿರ ಬರಬಾರದು ಎಂಬ ರಕ್ಷಣಾ ಆದೇಶ, ಮನೆಯಿಂದ ಹೊರಹಾಕಬಾರದು ಎಂಬ ವಾಸದ ಆದೇಶ, ಜೀವನಾಂಶ ಮತ್ತು ಆಸ್ಪತ್ರೆ ಖರ್ಚು, ಮಕ್ಕಳ ತಾತ್ಕಾಲಿಕ ಸುಪರ್ದಿ, ಪರಿಹಾರ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಮನೆ ಮಾವನ ಹೆಸರಿನಲ್ಲಿದೆ ಎಂದು ಹೆದರಿಸಿದರೆ ಹೆದರಬೇಕಿಲ್ಲ. ಸೊಸೆಯಾಗಿ ಬದುಕಿದ ಮನೆ ಅತ್ತೆ ಮಾವನದ್ದಾಗಿದ್ದರೂ ವಾಸದ ಹಕ್ಕು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಇತ್ಯರ್ಥ ಎಂದು ಕಾಯ್ದೆಯಲ್ಲಿದೆ. ನಡೆಯುವುದು ಅದಕ್ಕಿಂತ ಬಹಳ ನಿಧಾನ. ಹಾಗಾಗಿ ಅರ್ಜಿಯ ಜೊತೆಗೇ 23ನೇ ಕಲಂ ಅಡಿ ಮಧ್ಯಂತರ ಆದೇಶ ಕೇಳುವಂತೆ ವಕೀಲರಿಗೆ ಹೇಳಿ. ಅಪಾಯ ಮನವರಿಕೆಯಾದರೆ ಆಕೆಯ ಪ್ರಮಾಣಪತ್ರದ ಮೇಲೆ ಗಂಡ ಬರುವ ಮೊದಲೇ ಆದೇಶ ಕೊಡುವ ಅಧಿಕಾರ ಕೋರ್ಟಿಗಿದೆ. ಇದನ್ನು ಕೇಳದೆ ಬಿಟ್ಟು ವರ್ಷಗಟ್ಟಲೆ ಮುದ್ದತ್ತಿಗೆ ಅಲೆಯುವವರು ಬಹಳ.

ಬೆಂಗಳೂರಿಗೋ ಪುಣೆಗೋ ಗುಳೆ ಹೋದಲ್ಲಿ ಹೊಡೆತ ನಡೆದಿದ್ದರೂ ಈಗ ಆಕೆ ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೇ ಅರ್ಜಿ ನಡೆಯುತ್ತದೆ. ಮಸ್ಕಿಯ ತವರಿಗೆ ಬಂದವಳು ಪುಣೆಗೆ ತಿರುಗಬೇಕಿಲ್ಲ. ಜೀವನಾಂಶಕ್ಕೆ ಗಂಡನ ಪಹಣಿ, ಗದ್ದೆ ಎಷ್ಟೆಕರೆ, ಗಾಡಿಯ ಆರ್‌ಸಿ, ಸಂಬಳದ ಚೀಟಿ ಏನು ಸಿಕ್ಕರೂ ಕೂಡಿಸಿ. ಕಾರ್ಖಾನೆಯಲ್ಲೋ ಗಣಿಯಲ್ಲೋ ಸಂಬಳಕ್ಕಿದ್ದು ಆದೇಶದಂತೆ ಕೊಡದಿದ್ದರೆ ಸಂಬಳದಿಂದಲೇ ಹಿಡಿದು ನೇರವಾಗಿ ಆಕೆಗೆ ಕೊಡಿ ಎಂದು ಮಾಲೀಕರಿಗೆ ಕೋರ್ಟು ಹೇಳಬಹುದು. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದೇಶದ ಪ್ರತಿ ಪುಕ್ಕಟೆ ಸಿಗುತ್ತದೆ. ಒಂದನ್ನು ಠಾಣೆಗೆ ಮುಟ್ಟಿಸಿ, ಒಂದು ಆಕೆಯ ಹತ್ತಿರ ಇರಲಿ.

ವಕೀಲರ ಫೀಸಿಗೆ ದುಡ್ಡಿಲ್ಲ ಎಂಬ ಕಾರಣಕ್ಕೆ ನಿಲ್ಲಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಪ್ರಾಧಿಕಾರವಿದೆ. ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿಗಳಿವೆ. ಸಹಾಯವಾಣಿ 15100.

ಠಾಣೆಗೆ ಹೋಗುವಾಗ

ಜೀವಕ್ಕೆ ಅಪಾಯ, ದೊಡ್ಡ ಗಾಯ, ವರದಕ್ಷಿಣೆ ಕಾಟ ಇದ್ದರೆ ಠಾಣೆಯ ದೂರು ಬೇಕೇ ಬೇಕು. ಗಂಡ, ಅವನ ಕಡೆಯವರ ಕ್ರೌರ್ಯಕ್ಕೆ ಹಿಂದೆ 498ಎ ಎನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಮೂರು ವರ್ಷದವರೆಗೆ ಜೈಲು, ದಂಡ. ಘಟನೆ ನಡೆದ ಊರು ನಮ್ಮ ಸರಹದ್ದಿಗೆ ಬರೋದಿಲ್ಲ ಎಂದು ಯಾವ ಠಾಣೆಯೂ ತಿರುಗಿಸಿ ಕಳಿಸುವಂತಿಲ್ಲ. ಜೀರೊ ಎಫ್‌ಐಆರ್ ಮಾಡಿ ಅಲ್ಲಿಗೆ ಕಳಿಸಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ. ಡಿವೈಎಸ್‌ಪಿ ಅನುಮತಿ ಪಡೆದು 14 ದಿನದವರೆಗೆ ಪ್ರಾಥಮಿಕ ವಿಚಾರಣೆ ಮಾಡುವ ಅವಕಾಶ ಹೊಸ ಕಾನೂನಿನಲ್ಲಿದೆ. ಹದಿನಾಲ್ಕು ದಿನ ದಾಟಿದರೆ ಹೋಗಿ ಕೇಳಿ. ದೂರು ತಗೊಳ್ಳಲೇ ಇಲ್ಲ ಎಂದರೆ ಅದೇ ದೂರನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಎಸ್‌ಪಿ ಅವರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ದೂರು ಕೊಟ್ಟ ದಿನವೇ ಗಂಡನನ್ನು ಹಿಡಿದು ಒಳಗೆ ಹಾಕುತ್ತಾರೆಂದು ನಂಬಿಸಬೇಡಿ. 2014ರ ಸುಪ್ರೀಂ ಕೋರ್ಟು ತೀರ್ಪಿನ ಮೇಲೆ ಹೆಚ್ಚಾಗಿ ಮೊದಲು ನೋಟಿಸು ಕೊಡುತ್ತಾರೆ. ಆ ರಾತ್ರಿ ಆಕೆ ಎಲ್ಲಿ ಮಲಗುತ್ತಾಳೆ ಎಂಬುದನ್ನು ಠಾಣೆಗೆ ಹೋಗುವ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು.

ಹಿರಿಯರ ರಾಜಿ

ಕಟ್ಟೆಯ ಮೇಲೆ ಹಿರಿಯರು ಕೂತು ಮಾತಾಡಿ, ಗಂಡನಿಂದ ತಪ್ಪಾಯ್ತು ಅನ್ನಿಸಿ, ಹೆಣ್ಣಿಗೆ ಅರಿಷಿಣ ಕುಂಕುಮ ಕೊಟ್ಟು ಕಳಿಸುವುದು ನಮ್ಮ ಕಡೆಯ ರೂಢಿ. ಆಕೆ ತಾನಾಗಿ ವಾಪಸು ಹೋಗಲು ಬಯಸಿದರೆ ಅದು ಆಕೆಯ ಇಷ್ಟ, ಹೀಯಾಳಿಸಬೇಡಿ. ಬಿಟ್ಟು ಬರುವ ಮುಂಚೆ ಹಲವು ಸಲ ತಿರುಗಿ ಹೋಗುವವರೇ ಹೆಚ್ಚು. ಆದರೆ ಆಕೆಯನ್ನು ಗಂಡನ ಎದುರಿಗೆ ಕೂಡಿಸಿ "ಹೇಳವ್ವ, ಏನಾತು" ಎಂದು ಕೇಳಿದರೆ ನಿಜ ಹೊರಗೆ ಬರುವುದಿಲ್ಲ. ಕುತ್ತಿಗೆ ಹಿಸುಕಿದ, ಬೆಂಕಿ ಹಚ್ಚಲು ನೋಡಿದ ಪ್ರಕರಣದಲ್ಲಿ ರಾಜಿಯ ಮಾತೇ ಬೇಡ. ರಾಜಿ ಆಗುವುದೇ ಆದರೆ ಹಾಕಿದ ಕೇಸು ಮೊದಲು ವಾಪಸು ತೆಗೆಸಬೇಡಿ. ಷರತ್ತುಗಳನ್ನು ಕೋರ್ಟಿನ ಆಪ್ತಸಮಾಲೋಚನೆಯಲ್ಲಿ ದಾಖಲಿಸಿ. ನೂರು ರೂಪಾಯಿ ಬಾಂಡ್ ಪೇಪರಿನ ಮೇಲಿನ ಮುಚ್ಚಳಿಕೆಗೆ ರಕ್ಷಣಾ ಆದೇಶದ ಬಲ ಇರುವುದಿಲ್ಲ. ವಾಪಸು ಹೋದವಳಿಗೆ ವಾರಕ್ಕೊಮ್ಮೆ ಯಾರು ಫೋನ್ ಮಾಡಬೇಕು, ಯಾವ ಮಾತು ಹೇಳಿದರೆ ಅಪಾಯ ಎಂದು ಅರ್ಥ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. "ಸಂಘದ ಕಂತು ಯಾವಾಗ ಐತಕ್ಕಾ?" ಎಂಬಂಥ ಸಾದಾ ಮಾತೇ ಗುರುತಾಗಲಿ.

ಊರಿಗೆ ತಿಳಿಸುವುದು

ಶಾಮಿಯಾನ, ಮೈಕು, ಸನ್ಮಾನದ ಕಾರ್ಯಕ್ರಮದಲ್ಲಿ ನೊಂದವರು ಬಾಯಿ ಬಿಡುವುದಿಲ್ಲ. ಹತ್ತು ಹದಿನೈದು ಹೆಣ್ಣುಮಕ್ಕಳ ಸಂಘದ ಸಭೆ, ಅಂಗನವಾಡಿಯ ತಾಯಂದಿರ ಸಭೆ, ಉದ್ಯೋಗ ಖಾತ್ರಿ ಕೆಲಸದ ಮಧ್ಯಾಹ್ನದ ಊಟದ ಹೊತ್ತು ಇದಕ್ಕೆ ತಕ್ಕ ಜಾಗ. "ನಿಮ್ಮಲ್ಲಿ ಯಾರಿಗೆ ಹೊಡೀತಾರೆ, ಕೈ ಎತ್ತಿ" ಎಂದು ಎಂದೂ ಕೇಳಬೇಡಿ. ಒಬ್ಬ ಹೆಣ್ಣುಮಗಳ ಪರಿಸ್ಥಿತಿಯನ್ನು ಹೆಸರಿಲ್ಲದೆ ಕಲ್ಪಿಸಿ ಹೇಳಿ, ಆಕೆ ಏನು ಮಾಡಬಹುದೆಂದು ಅವರ ಬಾಯಿಂದ ಹೇಳಿಸಿ. ಕರಪತ್ರ ಮನೆಗೆ ಹೋದರೆ ಗಂಡನ ಕೈಗೆ ಸಿಗುತ್ತದೆ. 181 ಮತ್ತು 112 ಎರಡನ್ನೇ ಬಾಯಿಪಾಠ ಮಾಡಿಸಿ. ಅಲ್ಲೇ ಒಬ್ಬರ ಫೋನಿನಿಂದ 181ಕ್ಕೆ ಹಚ್ಚಿ, ಆ ಕಡೆಯ ದನಿ ಕೇಳಿಸಿ, ಮಾಹಿತಿಗಾಗಿ ಮಾಡಿದ್ದೆಂದು ಹೇಳಿ ಸಿಡಿಪಿಒ ಆಫೀಸು, ಸಖಿ ಕೇಂದ್ರದ ವಿಳಾಸ ಕೇಳಿಕೊಳ್ಳಿ. ಒಮ್ಮೆ ಆ ದನಿ ಕೇಳಿದವರಿಗೆ ಆಮೇಲೆ ತಾವೇ ಫೋನ್ ಮಾಡಲು ಅಂಜಿಕೆ ಕಡಿಮೆ.

ಪ್ರತಿ ಸಂಘದಿಂದ ಇಬ್ಬರನ್ನು ಆರಿಸಿ. ಒಬ್ಬರೇ ಬೇಡ, ಆ ಒಬ್ಬರು ಗಂಡನ ಮನೆಯ ಕಡೆಯ ನೆಂಟರಾಗಿರಬಹುದು. ಮೇಲಿನ ಹೆಜ್ಜೆಗಳು ಅವರಿಗೆ ಗೊತ್ತಿರಲಿ. ಯಾರು ಬಂದರು, ಏನು ಹೇಳಿದರು ಎಂಬುದು ಆ ಇಬ್ಬರಲ್ಲೇ ಉಳಿಯಬೇಕು. ನೆರವು ಪಡೆದವಳ ಫೋಟೊ, ಹೆಸರನ್ನು ಸಂಘದ ವಾಟ್ಸಾಪ್ ಗುಂಪಿಗಾಗಲಿ ಪತ್ರಿಕೆಯವರಿಗಾಗಲಿ ಕೊಡಬಾರದು. ಒಂದು ಗುಟ್ಟು ಹೊರಬಿದ್ದರೆ ಆ ಊರಿನಲ್ಲಿ ಎರಡನೆಯವಳು ಬರುವುದಿಲ್ಲ.